ಅಭಯವೇ ಮೊದಲ ದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆ. ಮೊದಲ ಮೂರನ್ನು ಶ್ರಾವಕರು ಯಥಾಶಕ್ತಿ ಆಚರಿಸುತ್ತ ಬಂದಿದ್ದಾರೆ. ನಾಲ್ಕನೆಯದನ್ನು ಮಾತ್ರ, ಯಾವ ಜೀವಿಯನ್ನೂ ಕೊಲ್ಲದಿದ್ದರೆ ಸಾಕೆಂದು ಅಲ್ಲಿಗೇ ಮುಗಿಸಿಬಿಡುತ್ತೇವೆ. ಆದರೆ ಹೆದರಿದ ಜೀವದ ಭಯವನ್ನು ಕಳೆಯುವುದೇ ಅಭಯದಾನದ ಪೂರ್ಣಾರ್ಥ.

ಆಫ್ರಿಕಾದ ರುವಾಂಡ ದೇಶದಲ್ಲಿ 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳ ನರಮೇಧ ನಡೆಯಿತು. ಹತರಾದವರು 8 ಲಕ್ಷಕ್ಕೂ ಹೆಚ್ಚು. ಬಹುಪಾಲು ಟುಟ್ಸಿ ಜನಾಂಗದವರು. ಕತ್ತಿಯೆತ್ತಿದವರಲ್ಲಿ ನೆರೆಹೊರೆಯವರೇ ಅನೇಕರಿದ್ದರು. ತಂದೆತಾಯಿಗಳನ್ನು ಕಳೆದುಕೊಂಡ ಎಷ್ಟೋ ಮನೆಗಳಲ್ಲಿ ಹಿರಿಯ ಮಗುವೇ ತಮ್ಮತಂಗಿಯರಿಗೆ ಯಜಮಾನನಾಗಬೇಕಾಯಿತು.

ಅನ್ನವಿಟ್ಟು ಪುಸ್ತಕ ಕೊಟ್ಟರೆ ಇಂಥ ಮಕ್ಕಳು ಚೇತರಿಸಿಕೊಳ್ಳುವರೇ? ಹೆದರಿದ ಮಗುವಿಗೆ ಪಾಠ ಹತ್ತುವುದಿಲ್ಲವೆಂಬುದನ್ನು ಉಪಾಧ್ಯಾಯನಾಗಿದ್ದ ನಾನು ತರಗತಿಯಲ್ಲಿಯೇ ಕಂಡವನು.

ದಕ್ಷಿಣ ಆಫ್ರಿಕಾದಲ್ಲಿ ಜನಿಸಿ ಅಮೆರಿಕೆಯಲ್ಲಿ ವಕೀಲೆಯಾಗಿದ್ದ ಆನ್ ಹೇಮನ್ ಎಂಬ ಯಹೂದಿ ಮಹಿಳೆ ಇದನ್ನು ಅರಿತಿದ್ದರು. ಯಹೂದಿ ನರಮೇಧದ ಬಳಿಕ ಅನಾಥ ಮಕ್ಕಳನ್ನು ಸಲಹಿದ ಇಸ್ರೇಲಿನ ಯುವಗ್ರಾಮಗಳೇ ಅವರಿಗೆ ಮಾದರಿ. 2008ರಲ್ಲಿ ರುವಾಂಡದ ಪೂರ್ವ ಪ್ರಾಂತ್ಯದಲ್ಲಿ ಅವರ ಶ್ರಮದಿಂದ 'ಅಗಹೋಜೊ-ಶಾಲೋಮ್' ಗ್ರಾಮ ಆರಂಭವಾಯಿತು. 'ಅಗಹೋಜೊ' ಎಂದರೆ ಆ ನಾಡಿನ ಭಾಷೆಯಲ್ಲಿ ಕಣ್ಣೀರು ಒರೆಸುವ ತಾಣ. 'ಶಾಲೋಮ್' ಹೀಬ್ರೂ ಭಾಷೆಯಲ್ಲಿ ಶಾಂತಿ.

ಅಲ್ಲಿ ಮಕ್ಕಳಿಗೆ ಮೊದಲು ದೊರೆತುದು ಮನೆ. ಒಂದೊಂದು ಮನೆಗೂ ಒಬ್ಬ ತಾಯಿ. ಮೊದಲ ವರ್ಷಗಳ ಆ ತಾಯಂದಿರಲ್ಲಿ ಅನೇಕರು ನರಮೇಧದಲ್ಲಿ ಪತಿಯನ್ನೋ ಮಕ್ಕಳನ್ನೋ ಕಳೆದುಕೊಂಡವರು. ದಿನವೂ ಸಂಜೆ ಮನೆಯವರೆಲ್ಲ ಒಂದೆಡೆ ಕುಳಿತು ಮಾತನಾಡುವುದು ಅಲ್ಲಿಯ ನಿಯಮ. ಶಾಲೆ ಅದರ ಜೊತೆಗೂಡಿತು. ಹಾಗೆ ಬೆಳೆದ ಮಕ್ಕಳು ಸುತ್ತಲಿನ ಹಳ್ಳಿಗಳ ಬಡವರ ಸೇವೆಗೂ ಹೊರಟರು. ಪಡೆದವರೇ ದಾನಿಗಳಾದರು. ಇಂದು ಬಡತನದಿಂದ ನೊಂದ, ನರಮೇಧದ ನಂತರ ಹುಟ್ಟಿದ ಮಕ್ಕಳಿಗೂ ಅದೇ ಆಸರೆ.

ಆ ತಾಯಂದಿರ ಸ್ಥಿತಿಯನ್ನು ನೆನೆಯಿರಿ. ತಮ್ಮ ನೋವನ್ನು ವೈರವಾಗಿ ಮಕ್ಕಳಿಗೆ ಧಾರೆಯೆರೆಯಲು ಅವರಿಗೆ ಕಾರಣವಿತ್ತು. ಕಮಠನ ವೈರ ಭವಭವಗಳಲ್ಲಿ ಬೆನ್ನಟ್ಟಿ ಬಂದರೂ ಪಾರ್ಶ್ವನಾಥ ಸ್ವಾಮಿ ಅದನ್ನು ಮರಳಿಸಲಿಲ್ಲ. ಮರಳಿಸದವನಲ್ಲಿ ವೈರದ ಸರಪಳಿ ಕಡಿಯುತ್ತದೆ. ತನ್ನೊಳಗಿನ ವೈರವನ್ನು ಇಳಿಸಿದವನೇ ಪರರಿಗೆ ಅಭಯ ನೀಡಬಲ್ಲ.

ಬಸದಿಯಲ್ಲಿ ದಾನದ ಸಂಕಲ್ಪ ಮಾಡುವಾಗ ಒಮ್ಮೆ ಕೇಳಿಕೊಳ್ಳೋಣ: ನನ್ನ ಊರಿನ ಯಾವ ಮಗು ರಾತ್ರಿ ಹೆದರಿ ಮಲಗುತ್ತಿದೆ? ಅದಕ್ಕೆ ಅನ್ನದೊಡನೆ ನನ್ನ ಸಮಯವನ್ನೂ ಕೊಟ್ಟಿದ್ದೇನೆಯೇ?