ಬಾನೆಟ್ ಅಡಿಯಿಂದ ಹೊಗೆಯೇ? ಮೊದಲು ಮೂಗನ್ನು ಕೇಳಿ



ಮೇ ತಿಂಗಳ ರಜೆ ಬಂತೆಂದರೆ ಮುಂಬೈ, ಪುಣೆಯ ನಮ್ಮವರ ಕಾರುಗಳು ಊರಿನ ದಾರಿ ಹಿಡಿಯುತ್ತವೆ. ಖಂಬಾಟಕಿಯ ಏರು ದಾಟಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಯ ಮೇಲೆ ಬೆಳಗಾವಿ ಸೇರುವ ಹಾದಿ. ಕಾರಿನ ತುಂಬ ಜನ, ಡಿಕ್ಕಿಯ ತುಂಬ ಸಾಮಾನು, ಮೇಲೆ ಏಸಿ ಬೇರೆ. "ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವೇನ್ರೀ?" ಎಂದು ಪಕ್ಕದ ಸೀಟಿನಿಂದ ಮಾತು ಬರುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಆ ವಾಸನೆ ಯಾವುದು ಎಂದು ಗುರುತಿಸಲು ಬಂದರೆ, ಕಾರು ಮುಂದೆ ಹೋಗಬಹುದೇ ಅಥವಾ ಅಲ್ಲೇ ನಿಲ್ಲಬೇಕೇ ಎಂಬುದು ಅರ್ಧ ತಿಳಿದ ಹಾಗೆ.

ಮೊದಲ ಕೆಲಸ ಮಾತ್ರ ಎಲ್ಲಕ್ಕೂ ಒಂದೇ. ಏಸಿ ಆರಿಸಿ, ಎಡಕ್ಕೆ ಸರಿದು ನಿಲ್ಲಿಸಿ, ಪಾರ್ಕಿಂಗ್ ದೀಪ ಮಿಣುಕಿಸಿ, ಇಂಜಿನ್ ಬಂದ್ ಮಾಡಿ. ಮಕ್ಕಳು, ಹಿರಿಯರನ್ನು ಎಡಬಾಗಿಲಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಬಾನೆಟ್ ಎತ್ತುವ ಆತುರ ಬೇಡ. ಒಳಗೆ ಬೆಂಕಿಯಿದ್ದರೆ ಗಾಳಿ ನುಗ್ಗಿ ಭಗ್ಗೆಂದು ಏಳುತ್ತದೆ. ಜ್ವಾಲೆ ಕಂಡರೆ ಸಾಮಾನಿನ ಆಸೆ ಬಿಟ್ಟು ದೂರ ಹೋಗಿ 112ಕ್ಕೆ ಫೋನ್ ಮಾಡಿ. ಬೆಂಕಿಯಿಲ್ಲದೆ ಬರಿಯ ನೆರವು ಬೇಕಿದ್ದರೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಇದೆ.

ಈಗ ವಾಸನೆಗಳ ವಿಷಯಕ್ಕೆ ಬರೋಣ.

ಬೆಲ್ಲದ ಪಾಕದಂಥ ಸಿಹಿ ವಾಸನೆ, ಜೊತೆಗೆ ಬಿಳಿ ಹೊಗೆ: ಇದು ಬಹುಮಟ್ಟಿಗೆ ಹೊಗೆಯಲ್ಲ, ಆವಿ. ರೇಡಿಯೇಟರ್ ಅಥವಾ ಅದರ ಹೋಸ್ ಪೈಪಿನಿಂದ ಕೂಲಂಟ್ ಸೋರಿ ಬಿಸಿ ಇಂಜಿನ್ ಮೇಲೆ ಬಿದ್ದಿದೆ. ಟೆಂಪರೇಚರ್ ಮುಳ್ಳೂ ಮೇಲೇರಿರುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ. ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಬಿಸಿಯಲ್ಲಿ ಕೈ ಹಾಕಬೇಡಿ. ಅದು ಸೀಟಿ ಹಾಕುತ್ತಿರುವ ಕುಕ್ಕರ್ ಇದ್ದ ಹಾಗೆ. ಒತ್ತಡದಲ್ಲಿರುವುದರಿಂದ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯುವುದೂ ತಪ್ಪು, ಲೋಹ ಬಿರುಕು ಬಿಡಬಹುದು. ಇನ್ನೊಂದು ಮಾತು: ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಸೋರಿದ್ದನ್ನು ಮಕ್ಕಳು, ನಾಯಿ ಬೆಕ್ಕುಗಳು ಮುಟ್ಟದಂತೆ ತೊಳೆಯಿರಿ.

ಬಾಣಲೆಯಲ್ಲಿ ಎಣ್ಣೆ ಸೀದಂಥ ಕಮಟು: ಇಂಜಿನ್ ಆಯಿಲ್ ಸೋರಿ ಬಿಸಿಯಾದ ಸೈಲೆನ್ಸರ್ ಕೊಳವೆಯ ಮೇಲೆ ತೊಟ್ಟಿಕ್ಕುತ್ತಿದೆ. ಹೊಗೆಗೆ ಸ್ವಲ್ಪ ನೀಲಿ ಛಾಯೆ ಇರುತ್ತದೆ. ಮೊನ್ನೆಯಷ್ಟೇ ಸರ್ವಿಸಿಂಗ್ ಆಗಿದ್ದರೆ ಆಯಿಲ್ ಹಾಕುವಾಗ ಹೊರಗೆ ಚೆಲ್ಲಿದ್ದು ಸುಡುತ್ತಿರಬಹುದು, ಇಲ್ಲವೇ ಮುಚ್ಚಳ ಸಡಿಲವಿರಬಹುದು. ಎರಡೂ ಅಲ್ಲವಾದರೆ ಗ್ಯಾಸ್ಕೆಟ್ ಹಳತಾಗಿದೆ. ಇಂಜಿನ್ ತಣಿದ ಮೇಲೆ ಡಿಪ್ ಸ್ಟಿಕ್ ಎಳೆದು ಮಟ್ಟ ನೋಡಿ. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಆಯಿಲ್ ತುಂಬದೆ ಹೊರಡಬೇಡಿ.

ಸುಟ್ಟ ರಬ್ಬರ್: ಬೆಲ್ಟ್ ಜಾರುತ್ತಿದೆ, ಅಥವಾ ಏಸಿ ಕಂಪ್ರೆಸರ್ ಬಿಗಿದುಕೊಂಡು ಬೆಲ್ಟನ್ನು ಉಜ್ಜುತ್ತಿದೆ. ಕೀಚಲು ಸದ್ದೂ ಕೇಳಬಹುದು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಗುರುತಿನ ಕೆಂಪು ದೀಪ ಹೊತ್ತಿದ್ದರೆ ಬೆಲ್ಟ್ ಹರಿದೇ ಹೋಗಿರಬಹುದು. ಅನೇಕ ಕಾರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದರಿಂದ ಮುಂದೆ ಓಡಿಸಿದರೆ ಇಂಜಿನ್ನೇ ಕೆಡುತ್ತದೆ.

ಸುಟ್ಟ ಪ್ಲಾಸ್ಟಿಕ್: ಮೂಗಿಗೆ ಚುಚ್ಚುವ ಈ ಘಾಟು ವೈರಿಂಗಿನದು. ಇಲಿ ಕಡಿದ ವೈರು, ಹೊರಗಿನ ಅಂಗಡಿಯಲ್ಲಿ ಕೂಡಿಸಿದ ದೊಡ್ಡ ಹಾರ್ನು, ಪ್ರಖರ ದೀಪಗಳು ಇದಕ್ಕೆ ಸಾಮಾನ್ಯ ಕಾರಣ. ಕಾರು ಮತ್ತೆ ಸ್ಟಾರ್ಟ್ ಮಾಡಬೇಡಿ. ಫ್ಯೂಸ್ ಹೋಗಿದೆಯೆಂದು ಅದರ ಜಾಗದಲ್ಲಿ ತಂತಿ ಸುತ್ತುವುದಂತೂ ಬೆಂಕಿಗೆ ಕರೆ ಕೊಟ್ಟ ಹಾಗೆ.

ಪೆಟ್ರೋಲ್ ಅಥವಾ ಗ್ಯಾಸ್: ಎಲ್ಲಕ್ಕಿಂತ ಅಪಾಯ ಇದೇ. ಸಿಎನ್‌ಜಿಗೆ ತನ್ನದೇ ವಾಸನೆಯಿಲ್ಲ. ಸೋರಿದರೆ ತಿಳಿಯಲಿ ಎಂದೇ ಅಡುಗೆ ಗ್ಯಾಸಿನ ಹಾಗೆ ಅದಕ್ಕೂ ಘಾಟು ಬೆರೆಸುತ್ತಾರೆ. ಬೀಡಿ, ಸಿಗರೇಟು, ಕಿಡಿ ಹತ್ತಿರ ಸುಳಿಯಬಾರದು. ಕಾರನ್ನು ಓಡಿಸದೆ ಎತ್ತಿಸಿಕೊಂಡೇ ಹೋಗಿ.

ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಿಂದ ಹೊಗೆ ಬಂದರೆ ಮೂಗಿನ ಪರೀಕ್ಷೆಗೂ ನಿಲ್ಲದೆ ದೂರ ಸರಿಯಿರಿ. ಆ ಹೊಗೆಯೇ ವಿಷ.

ಹೊರಡುವ ಹಿಂದಿನ ರಾತ್ರಿ ಒಂದು ಸಣ್ಣ ಕೆಲಸ ಮಾಡಿ. ಇಂಜಿನ್ ಕೆಳಗೆ ನೆಲದ ಮೇಲೆ ದಪ್ಪ ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಹಸಿರು ಅಥವಾ ಗುಲಾಬಿ ಕಲೆಯಿದ್ದರೆ ಕೂಲಂಟ್. ಕಂದು, ಕಪ್ಪು ಜಿಡ್ಡಾದರೆ ಇಂಜಿನ್ ಆಯಿಲ್. ಏಸಿ ಹಾಕಿದ್ದಾಗ ಬಿದ್ದ ಬಣ್ಣವಿಲ್ಲದ ಬರಿಯ ನೀರಾದರೆ ಚಿಂತೆ ಬೇಡ.

ಇನ್ನು ಗ್ಯಾರೇಜಿನ ಮಾತು. ಹೊರನಾಡಿನಲ್ಲಿ ನಮಗೆ ಭಾಷೆಯ ತೊಡಕು ಇದ್ದದ್ದೇ. ಬೆಲ್ಟು, ಹೋಸು, ಗ್ಯಾಸ್ಕೆಟ್ ಎಂಬ ಹೆಸರುಗಳು ಎಲ್ಲ ಊರಿನ ಮೆಕ್ಯಾನಿಕ್‌ಗೂ ಗೊತ್ತು. ಆದರೆ ಕಾರು ಅವರ ಬಳಿ ತಲುಪುವ ಹೊತ್ತಿಗೆ ಇಂಜಿನ್ ತಣಿದು, ಹೊಗೆ ಮಾಯವಾಗಿರುತ್ತದೆ. "ಹೊಗೆ ಬಂತು" ಎಂದಷ್ಟೇ ಹೇಳಿದರೆ ಅವರು ಒಂದೊಂದೇ ಭಾಗ ಬದಲಿಸುತ್ತ ಹೋಗುತ್ತಾರೆ, ಬಿಲ್ಲು ಬೆಳೆಯುತ್ತದೆ. ಅದಕ್ಕೇ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ವಾಸನೆ ಯಾವುದರಂತಿತ್ತು, ಹೊಗೆಯ ಬಣ್ಣವೇನು, ಏರಿನಲ್ಲೋ ಟ್ರಾಫಿಕ್‌ನಲ್ಲೋ ನಿಂತಾಗಲೋ, ಏಸಿ ಆರಿಸಿದಾಗ ಕಡಿಮೆಯಾಯಿತೇ. ಅಲ್ಲಿನ ಭಾಷೆ ಅರೆಬರೆ ಬಂದರೂ ಈ ನಾಲ್ಕು ಉತ್ತರ ಹೇಳಿದರೆ ಸಾಕು, ಅವರ ಕೈ ನೇರ ಸರಿಯಾದ ಜಾಗಕ್ಕೆ ಹೋಗುತ್ತದೆ.

ಈ ಪುಟವನ್ನು ಕತ್ತರಿಸಿ ಕಾರಿನ ಮುಂದಿನ ಖಾನೆಯಲ್ಲಿಡಿ. ಅದು ಕೆಲಸಕ್ಕೆ ಬಾರದಿರಲಿ ಎಂಬುದೇ ನಮ್ಮ ಹಾರೈಕೆ. ಊರು ಮುಟ್ಟಿದ ಮೇಲೆ ನಮಗೊಂದು ಸಾಲು ಬರೆಯಿರಿ. ಪ್ರಯಾಣ ಸುಖಕರವಾಗಲಿ!