ನಾಲ್ಕು ರೆಕ್ಕೆ ಮುಚ್ಚಲು, ಎರಡು ಹಾರಲು

ಹತ್ತನೆಯ ತರಗತಿಗೆ ಜೀವವಿಕಾಸದ ಪಾಠ. ಹಕ್ಕಿಯ ರೆಕ್ಕೆ, ಬಾವಲಿಯ ರೆಕ್ಕೆ, ಮನುಷ್ಯನ ಕೈ ಮೂರೂ ಒಂದೇ ಅಂಗದ ಬೇರೆ ಬೇರೆ ರೂಪಗಳೆಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಸಾರ್, ದೇವದೂತರಿಗೆ ಕೈಯೂ ಇದೆ, ರೆಕ್ಕೆಯೂ ಇದೆಯಲ್ಲ?' ಎಂದಳು. 'ಹಾಗಾದರೆ ಅವರನ್ನು ಕೀಟಗಳ ಗುಂಪಿಗೆ ಸೇರಿಸಬೇಕಮ್ಮ' ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಆಕೆ ಮತ್ತೆಂದೂ ಪ್ರಶ್ನೆ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ ಚರ್ಚಿಗೆ ಹೋಗಿದ್ದೆ. ಅಲ್ಲಿ 'ಹೋಲಿ, ಹೋಲಿ, ಹೋಲಿ' ಎಂಬ ಸ್ತುತಿಗೀತೆಯನ್ನು ಹಾಡಿದರು. ಅದನ್ನು ಬರೆದವರು ರೆಜಿನಾಲ್ಡ್ ಹೀಬರ್. ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿಯಾಗಿದ್ದು, 1823ರಲ್ಲಿ ಕಲ್ಕತ್ತೆಯ ಬಿಷಪ್ ಆಗಿ ಬಂದವರು. 1826ರ ಏಪ್ರಿಲ್ 3ರಂದು ತಿರುಚಿರಾಪಳ್ಳಿಯಲ್ಲಿ ಸ್ನಾನದ ಕೊಳದಲ್ಲಿ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಇಂದು ಎಲ್ಲೆಡೆ ಕೇಳುವ ರಾಗವನ್ನು ಜಾನ್ ಡೈಕ್ಸ್ ಕೂಡಿಸಿದ್ದು 1861ರಲ್ಲಿ. ತಮ್ಮ ಹಾಡನ್ನು ಆ ರಾಗದಲ್ಲಿ ಕೇಳುವ ಭಾಗ್ಯ ಹೀಬರರಿಗೆ ಇರಲಿಲ್ಲ.

ಗೀತೆಯಲ್ಲಿ ಸಂತರು ತಮ್ಮ ಕಿರೀಟಗಳನ್ನು ದೇವರ ಮುಂದೆ ಇಳಿಸುತ್ತಾರೆ. ಕೆರೂಬಿಯರೂ ಸೆರಾಫಿಯರೂ ಅಡ್ಡಬೀಳುತ್ತಾರೆ. ಮನೆಗೆ ಬಂದು ಬೈಬಲ್ ತೆರೆದೆ. ಯೆಶಾಯನ ಗ್ರಂಥದ 6ನೆಯ ಅಧ್ಯಾಯದಲ್ಲಿ ಸೆರಾಫಿಯರಿಗೆ ಆರು ರೆಕ್ಕೆಗಳು: ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು, ಉಳಿದೆರಡರಿಂದ ಹಾರುತ್ತಾರೆ. ಲೆಕ್ಕದ ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಹಾರಲು ಎರಡು, ಮುಚ್ಚಿಕೊಳ್ಳಲು ನಾಲ್ಕು!

ಬೆಳಕಿಗೆ ಎಲ್ಲರಿಗಿಂತ ಹತ್ತಿರ ನಿಂತವರೇ ಮುಖ ಮುಚ್ಚಿಕೊಂಡಿದ್ದಾರಲ್ಲ ಎಂದು ಬೆರಗಾಯಿತು. ಗ್ರಹಣದ ದಿನ ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ ಎಂದು ಮಕ್ಕಳಿಗೆ ನಾನೇ ಹೇಳುತ್ತೇನೆ. ಅದು ಸೂರ್ಯನಿಲ್ಲವೆಂದಲ್ಲ, ನಮ್ಮ ಕಣ್ಣಿಗೆ ಮಿತಿಯಿದೆಯೆಂದು. ಆರಾಧನೆಯ ಅರ್ಥವೂ ಇದೇ ಇರಬಹುದೆ?

ದೇವದೂತರ ಅಸ್ಥಿಪಂಜರ ಹೇಗಿದೆಯೆಂದು ಆ ಗೀತೆ ಹೇಳಹೊರಟಿಲ್ಲ. ಮುಂಗಾಲು-ರೆಕ್ಕೆಗಳ ಪಾಠ ಇಂದಿಗೂ ಸರಿ; ಅದರಲ್ಲಿ ಒಂದಕ್ಷರವನ್ನೂ ನಾನು ಬದಲಿಸಿಲ್ಲ. ತಪ್ಪಿದ್ದು ನನ್ನ ಉತ್ತರದ ಧಾಟಿಯಲ್ಲಿ. ಆ ದಿನ ನನಗಿದ್ದ ಅಲ್ಪಸ್ವಲ್ಪ ರೆಕ್ಕೆಗಳನ್ನೆಲ್ಲ ಹಾರಾಟ ತೋರಿಸಲು ಬಳಸಿದ್ದೆ.

ಈಗ ಅದೇ ಪಾಠ ಮಾಡುವಾಗ ಯಾರಾದರೂ ದೇವದೂತರನ್ನೋ ಗರುಡನನ್ನೋ ಎತ್ತಿದರೆ, 'ಒಳ್ಳೆಯ ಪ್ರಶ್ನೆ' ಎಂದು ಮೊದಲು ಹೇಳುತ್ತೇನೆ. ವಿಜ್ಞಾನದ ಉತ್ತರ ಆಮೇಲೆ. ಆ ಹುಡುಗಿಗೆ ಮಾತ್ರ ಈ ಮಾತು ಹೇಳಲು ನನಗೆ ಆಗಲೇ ಇಲ್ಲ.