‘ಮುಂದ ಕ್ಯಾಮೆರಾ ಐತಿ, ಸಾವಕಾಶ!’

ದಸರಾ ಸೂಟಿಯಲ್ಲಿ ನಾವೆಲ್ಲ ಮೈಸೂರು ನೋಡಲು ಹೋಗಿದ್ದೆವು. ಬೆಂಗಳೂರಿನಲ್ಲಿ ಒಂದು ರಾತ್ರಿ ಇದ್ದು, ಬೆಳಿಗ್ಗೆ ಮೈಸೂರಿನ ಹೊಸ ಹೆದ್ದಾರಿ ಹಿಡಿದೆವು. ಕಾರು ನಡೆಸುತ್ತಿದ್ದವನು ಅಳಿಯ. ಹಿಂದೆ ನಾನು, ನಮ್ಮ ಮನೆಯವರು, ನಡುವೆ ಐದನೇ ಇಯತ್ತೆ ಓದುವ ಮೊಮ್ಮಗಳು. ಅಣ್ಣಿಗೇರಿಯ ಎರೆಹೊಲದ ದಾರಿಯಲ್ಲಿ ಬೆಳೆದ ಅವಳಿಗೆ ಅಷ್ಟು ಅಗಲದ ರಸ್ತೆ ಕಂಡದ್ದು ಅದೇ ಮೊದಲು.

ಹೀಗೆ ಹೋಗುತ್ತಿರುವಾಗ ಮುಂದಿದ್ದ ಮೊಬೈಲಿನೊಳಗಿನ ಹೆಣ್ಣುದನಿ ಮುಂದೆ ಕ್ಯಾಮೆರಾ ಇದೆ ಎಂದು ಎಚ್ಚರಿಸಿತು. ಅಳಿಯ ಕಾಲು ಸಡಿಲಿಸಿದ. 112ರಲ್ಲಿದ್ದ ಮುಳ್ಳು 98ಕ್ಕೆ ಇಳಿಯಿತು. ಕಂಬದ ಮೇಲಿನ ಕ್ಯಾಮೆರಾ ಹಿಂದೆ ಬಿದ್ದದ್ದೇ ತಡ, ಮುಳ್ಳು ಮತ್ತೆ ಮೇಲೆ.

“ಅಜ್ಜಾ, ಅಕಿಗೆ ಹ್ಯಾಂಗ ಗೊತ್ತಾತು? ಅಕಿ ಎಲ್ಲಿ ಕುಂತು ನೋಡ್ತಾಳ?” ಎಂದಳು ಮೊಮ್ಮಗಳು.

ನಿವೃತ್ತ ಮೇಷ್ಟ್ರಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಟ್ಟಾರೆಯೇ? ಮೈಸೂರು ಬರುವತನಕ ಅದೇ ಪಾಠ ನಡೆಯಿತು.

ಮೊದಲು ತಿಳಿಯಬೇಕಾದದ್ದು, ಮೊಬೈಲು ಕ್ಯಾಮೆರಾವನ್ನು ನೋಡುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ತಾನು ಎಲ್ಲಿದ್ದೇನೆ ಎಂಬುದಷ್ಟೆ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದೂ ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಹೊತ್ತು’ ಎಂದು ಎಡೆಬಿಡದೆ ಸಂದೇಶ ಕಳಿಸುತ್ತಿರುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂದೇಶ ಸಿಕ್ಕರೆ, ಅವು ತಲುಪಲು ಹಿಡಿದ ಸಮಯದಿಂದ ಮೊಬೈಲು ತನ್ನ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಕ್ಯಾಮೆರಾಗಳ ಜಾಗವನ್ನು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಟ್ಟಿರುತ್ತಾರೆ. ನಾವು ಯಾವ ದಾರಿಯಲ್ಲಿ, ಯಾವ ದಿಕ್ಕಿಗೆ ಹೊರಟಿದ್ದೇವೆ, ಗುರುತು ಇನ್ನೆಷ್ಟು ದೂರ ಎಂದು ನೋಡಿಕೊಂಡು ದನಿ ಎಚ್ಚರಿಸುತ್ತದೆ. ನಮ್ಮ ಹುಬ್ಬಳ್ಳಿ-ಗದಗ ಬಸ್ಸಿನ ಹಳೆಯ ಕಂಡಕ್ಟರು ಕಣ್ಣು ಮುಚ್ಚಿಕೊಂಡೇ “ನಲವಡಿ ಯಾರ್ರೀ, ಮುಂದ ಬರ್ರಿ” ಎನ್ನುವುದಿಲ್ಲವೇ, ಹಾಗೆ.

ಗುರುತು ಹಾಕುವವರು ಯಾರು? ಸ್ವಲ್ಪ ಮಟ್ಟಿಗೆ ಕಂಪನಿಯವರು, ಉಳಿದಂತೆ ನಮ್ಮಂಥ ಹಾದಿಹೋಕರು. ಈ ಉಪಾಯವನ್ನು ದೊಡ್ಡದಾಗಿ ಬೆಳೆಸಿದ್ದು ಇಸ್ರೇಲಿನ ‘ವೇಜ್’. 2006ರಲ್ಲಿ ಎಹುದ್ ಶಬ್ತಾಯಿ ಎಂಬವರು ಶುರುಮಾಡಿದ ನಕ್ಷೆಯ ಕೆಲಸದಿಂದ ಅದು ಹುಟ್ಟಿತು. 2013ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. 2019ರಲ್ಲಿ ಗೂಗಲ್ ಮ್ಯಾಪ್ಸ್ ವೇಗದ ಕ್ಯಾಮೆರಾ ತೋರಿಸಲು ತೊಡಗಿದ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು. ನಮ್ಮ ದೇಶದ್ದೇ ಆದ ‘ಮ್ಯಾಪಲ್ಸ್’ ಕೂಡ ಈ ಕೆಲಸ ಮಾಡುತ್ತದೆ. ದಾರಿಯಲ್ಲಿ ಹೋದವರೊಬ್ಬರು ‘ಇಲ್ಲಿ ಕ್ಯಾಮೆರಾ ಇದೆ’ ಎಂದು ಒತ್ತಿದರೆ, ಹಿಂದೆ ಬಂದವರನ್ನು ಅದು ‘ಇನ್ನೂ ಇದೆಯೇ?’ ಎಂದು ಕೇಳುತ್ತದೆ. ಹೌದು ಎಂದವರು ಹೆಚ್ಚಾದರೆ ಗುರುತು ಉಳಿಯುತ್ತದೆ, ಇಲ್ಲವಾದರೆ ಅಳಿಸಿಹೋಗುತ್ತದೆ. ಎದುರಿನಿಂದ ಬರುವ ಲಾರಿಯವರು ದೀಪ ಮಿನುಗಿಸಿ ‘ಮುಂದ ಪೊಲೀಸರು ನಿಂತಾರ’ ಎಂದು ಹೇಳುವ ಸನ್ನೆ ನಮಗೇನು ಹೊಸದಲ್ಲ.

ಇಂಗ್ಲೆಂಡಿನಲ್ಲಂತೂ ಇದಕ್ಕೆ ನೂರು ವರ್ಷ ಮೀರಿದ ಕಥೆಯಿದೆ. ಆಗ ಅಲ್ಲಿ ಕಾರಿನ ವೇಗದ ಮಿತಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಪೊಲೀಸರು ಗಡಿಯಾರ ಹಿಡಿದು ಮರೆಯಲ್ಲಿ ಕೂರುತ್ತಿದ್ದರು. 1905ರಲ್ಲಿ ಕಾರಿನವರು ಸೇರಿ ಆಟೊಮೊಬೈಲ್ ಅಸೋಸಿಯೇಷನ್ ಕಟ್ಟಿಕೊಂಡರು. ಅದರ ಆಳುಗಳು ಸೈಕಲ್ಲಿನಲ್ಲಿ ತಿರುಗಾಡಿ ಸದಸ್ಯರಿಗೆ ಎಚ್ಚರಿಕೆ ಕೊಡುತ್ತಿದ್ದರು. ಹಾಗೆ ಕೊಡುವುದು ತಪ್ಪು ಎಂದು 1910ರಲ್ಲಿ ನ್ಯಾಯಾಲಯ ಹೇಳಿತು. ಅವರೇನು ಸುಮ್ಮನಾದರೆ? ಸದಸ್ಯರ ಕಾರು ಕಂಡಾಗ ಸಲಾಮು ಹೊಡೆಯುವುದು ವಾಡಿಕೆಯಷ್ಟೆ. ಸಲಾಮು ಹೊಡೆಯದಿದ್ದರೆ ಮುಂದೆ ಪೊಲೀಸರಿದ್ದಾರೆಂದು ಅರ್ಥ! ಸಲಾಮು ಹೊಡೆಯದವನನ್ನು ಯಾವ ನ್ಯಾಯಾಲಯ ಹಿಡಿದೀತು?

ಇದನ್ನು ಕೇಳಿ ನಮ್ಮ ಮನೆಯವರೂ ನಕ್ಕರು.

“ಕ್ಯಾಮೆರಾಕ್ಕ ಗಾಡಿ ಎಷ್ಟು ಜೋರು ಐತಿ ಅಂತ ಹ್ಯಾಂಗ ತಿಳೀತದ?” ಮೊಮ್ಮಗಳ ಮುಂದಿನ ಪ್ರಶ್ನೆ.

ಇದಕ್ಕೆ ನಾನು ಕುಂದಗೋಳಕ್ಕೆ ಹೋಗಬೇಕಾಯಿತು. ಸವಾಯಿ ಗಂಧರ್ವರ ಊರಿನವರಿಗೆ ಶ್ರುತಿಯ ಮಾತು ಬೇಗ ತಿಳಿಯುತ್ತದೆ. ಅಲ್ಲಿ ರೈಲು ಹಳಿಯಿಂದ ದೂರ ನಿಂತು, ನಿಲ್ಲದೆ ಓಡುವ ಗಾಡಿಯ ಸೀಟಿ ಕೇಳಿರಿ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ನಮ್ಮನ್ನು ದಾಟಿದೊಡನೆ ಇಳಿಯುತ್ತದೆ. ಇದರ ಗುಟ್ಟನ್ನು 1842ರಲ್ಲಿ ಹೇಳಿದವರು ಕ್ರಿಶ್ಚಿಯನ್ ಡಾಪ್ಲರ್. ಮೂರು ವರ್ಷದ ಬಳಿಕ ಬೈಸ್ ಬ್ಯಾಲೆಟ್ ಎಂಬ ಡಚ್ ವಿಜ್ಞಾನಿ ಅದನ್ನು ಪರೀಕ್ಷಿಸಲು ತುತ್ತೂರಿ ಊದುವವರನ್ನು ರೈಲಿಗೆ ಹತ್ತಿಸಿ, ಶ್ರುತಿಜ್ಞಾನವಿದ್ದ ಸಂಗೀತಗಾರರನ್ನು ಹಳಿಯ ಪಕ್ಕ ನಿಲ್ಲಿಸಿದರು. ಡಾಪ್ಲರ್ ಹೇಳಿದ್ದು ಸರಿಯಾಗಿತ್ತು. ರೇಡಾರ್ ಇರುವ ಕ್ಯಾಮೆರಾ ಸೀಟಿಯ ಬದಲು ರೇಡಿಯೊ ಅಲೆಯನ್ನು ಗಾಡಿಯ ಮೇಲೆ ಬಿಡುತ್ತದೆ. ಮರಳಿ ಬಂದ ಅಲೆಯ ‘ಶ್ರುತಿ’ ಎಷ್ಟು ಬದಲಾಗಿದೆ ಎಂಬುದರಿಂದ ವೇಗ ತಿಳಿಯುತ್ತದೆ. ಮಿತಿ ಮೀರಿದ್ದರೆ ಚಿತ್ರ ತೆಗೆದು ನಂಬರ್ ಪ್ಲೇಟು ಓದುತ್ತದೆ.

ವೇಗದ ಕ್ಯಾಮೆರಾಕ್ಕೆ ಹೆಸರಾದ ಮಾರಿಸ್ ಗಾಟ್ಸೊನೀಡಿಸ್ ಪೊಲೀಸರೇನಲ್ಲ, 1953ರ ಮಾಂಟೆಕಾರ್ಲೊ ರ‍್ಯಾಲಿ ಗೆದ್ದ ಓಟಗಾರ. ತಿರುವುಗಳಲ್ಲಿ ತಾನು ಇನ್ನಷ್ಟು ಜೋರಾಗಿ ಓಡಿಸುವುದು ಹೇಗೆಂದು ಅಳೆಯಲು ಮಾಡಿಕೊಂಡ ಉಪಕರಣ, ಕೊನೆಗೆ ಜೋರಾಗಿ ಓಡಿಸುವವರನ್ನೇ ಹಿಡಿಯತೊಡಗಿತು.

ಇಷ್ಟು ಹೊತ್ತು ಸುಮ್ಮನಿದ್ದ ನಮ್ಮ ಮನೆಯವರು, “ಮೊದಲ ಹೇಳಿಬಿಟ್ಟರ ಕಳ್ಳ ಸಿಗೂದು ಹ್ಯಾಂಗ? ಈ ಮೊಬೈಲಿನಾಕಿ ಕಳ್ಳರ ಕಡಿಯಾಕಿ ಆದಳಲ್ಲ” ಎಂದರು. ಮಾತು ಸುಳ್ಳಲ್ಲ. ಫ್ರಾನ್ಸಿನಲ್ಲಿ 2012ರಿಂದ ಕ್ಯಾಮೆರಾದ ನಿಖರ ಜಾಗ ತೋರಿಸುವುದು ನಿಷಿದ್ಧ. ‘ಅಪಾಯದ ವಲಯ’ ಎಂದಷ್ಟೇ ಹೇಳಬಹುದು. ಜರ್ಮನಿಯಲ್ಲಿ ಕಾರು ನಡೆಸುವವರು ಇಂಥ ಎಚ್ಚರಿಕೆಯನ್ನು ಬಳಸುವಂತೆಯೇ ಇಲ್ಲ. ನಮ್ಮಲ್ಲಿ ಹಾಗಲ್ಲ. 2021ರ ಆಗಸ್ಟಿನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ, ಕ್ಯಾಮೆರಾ ಕಾವಲಿರುವ ರಸ್ತೆಯ ಮೊದಲೇ ಎಲ್ಲರಿಗೂ ಕಾಣುವಂತೆ ಎಚ್ಚರಿಕೆಯ ಫಲಕ ಇರಬೇಕು. ತಪ್ಪಿನ ನೋಟಿಸು 15 ದಿನದೊಳಗೆ ಕಳಿಸಬೇಕು. ಎಂದ ಮೇಲೆ ಮೊಬೈಲು ಹೇಳುವುದು ಫಲಕದ ಮಾತನ್ನೇ. ನನ್ನ ಮಟ್ಟಿಗೆ ಇದು ಸರಿ. ದಂಡ ತುಂಬಿಸಿಕೊಳ್ಳುವುದಕ್ಕಿಂತ ಗಾಡಿ ಸಾವಕಾಶ ಆಗುವುದು ಮುಖ್ಯ. (ದಂಡದ ಮೇಲೆ ನಮ್ಮವರ ಪ್ರೀತಿ ಎಷ್ಟೆಂಬುದು 2023ರ ಫೆಬ್ರುವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಕಟ್ಟಲು ನಿಂತ ಸರತಿ ಸಾಲಿನಲ್ಲೇ ಕಂಡಿತು!)

ನಾವು ಹೋದ ಆ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು. ಅಪಘಾತಗಳು ಹೆಚ್ಚಿ, ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದಾಯಿತು. ಮರುವರ್ಷ ಕ್ಯಾಮೆರಾಗಳ ಕಾವಲು ಬಿಗಿಯಾಯಿತು. ರಾಜ್ಯದಲ್ಲಿ 130 ಕಿ.ಮೀ. ಮೀರಿದವರ ಮೇಲೆ ಪ್ರಕರಣ ದಾಖಲಿಸುವುದಾಗಿ ಪೊಲೀಸರು ಹೇಳಿದ್ದೂ ಆಗಲೇ. ಆದರೆ ಕ್ಯಾಮೆರಾ ಕಂಡಾಗ ತಗ್ಗಿ, ದಾಟಿದ ಮೇಲೆ ಏರುವ ನಮ್ಮ ಅಳಿಯನಂಥವರಿಗೆ ಏನು ಮಾಡುವುದು? ಅದಕ್ಕೂ ಮದ್ದಿದೆ: ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗ ತೆಗೆಯುವುದು. ಮೊಮ್ಮಗಳಿಗೆ ಲೆಕ್ಕ ಕೊಟ್ಟೆ: “ಮೊದಲನೇ ಕ್ಯಾಮೆರಾ 9 ಗಂಟೆಗೆ ದಾಟಿದಿ. 10 ಕಿ.ಮೀ. ದೂರದ ಎರಡನೇದ್ದು 9 ಗಂಟೆ 5 ನಿಮಿಷಕ್ಕ ದಾಟಿದಿ. ವೇಗ ಎಷ್ಟು?” ಬೆರಳು ಮಡಚಿ, “120! ಅಪ್ಪಾ, ಸಿಕ್ಕಿಬಿದ್ದಿ!” ಎಂದಳು. ಅಳಿಯನ ಕಿವಿ ಕೆಂಪಾಯಿತು.

ಮರಳಿ ಬರುವಾಗ ಹುಬ್ಬಳ್ಳಿಯ ಗಬ್ಬೂರು ಕ್ರಾಸು ಮುಟ್ಟಿದಾಗ ಸಂಜೆಯಾಗಿತ್ತು. ಧಾರವಾಡದ ಕಡೆಯ ಬೈಪಾಸು ಹೊರಳುವುದು ಅಲ್ಲೇ. ನಮ್ಮ ಮನೆಯವರು ಆ ಕಡೆ ನೋಡಿ ಕೈ ಮುಗಿದರು. 2021ರ ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗಾಡಿ ಅದೇ ಬೈಪಾಸಿನ ಇಟಿಗಟ್ಟಿ ಹತ್ತಿರ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಬಳಿಕ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು.

ಗದಗ ರಸ್ತೆಗೆ ಬಂದ ಮೇಲೆ ಮೊಬೈಲು ಮೌನ. ಗುರುತು ಹಾಕಿದ ಕ್ಯಾಮೆರಾ ಇಲ್ಲದಲ್ಲಿ ಅಕಿ ಏನು ಹೇಳಿಯಾಳು? ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿ, ಸುತ್ತ ಕಲ್ಲಿಟ್ಟಿದ್ದರು. ಹಿಂದಿನ ದೀಪವಿಲ್ಲದ ಟ್ರೇಲರು, ಹೊಲದಿಂದ ಮರಳುವ ಹೆಣ್ಣುಮಕ್ಕಳು, ಮನೆಗೆ ಹೊರಟ ಎಮ್ಮೆಗಳು, ಯಾವುದೂ ಅವಳ ನಕ್ಷೆಯಲ್ಲಿಲ್ಲ. 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 28 ಮೀಟರು ಓಡುತ್ತದೆ. ಎಮ್ಮೆ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಗಾಡಿ ನಿಲ್ಲುವ ಮಾತು ಆಮೇಲಿನದು. ವೇಗ ಎರಡು ಪಟ್ಟಾದರೆ, ಬ್ರೇಕು ಹಾಕಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟು.

ಮೊಮ್ಮಗಳು ಎರಡೂ ಸೀಟುಗಳ ನಡುವೆ ಮುಂದೆ ಬಾಗಿ ನಿಂತಳು. “ಮುಂದ ಎಮ್ಮಿ ಅದಾವ, ಸಾವಕಾಶ.” ಸ್ವಲ್ಪ ಹೊತ್ತಿಗೆ, “ಮುಂದ ಜ್ವಾಳ ಹರವ್ಯಾರ, ಸಾವಕಾಶ.” ಬೆಲ್ಟು ಹಾಕಿಕೊಂಡು ಕೂಡ್ರಲು ಅಜ್ಜಿ ಗದರಿದರೂ, ಕೂತಲ್ಲಿಂದಲೇ ಊರು ಬರುವವರೆಗೂ ಅದೇ ರಾಗ.

ಅಣ್ಣಿಗೇರಿ ಬಂತು. “ಮುಂದ ನಮ್ಮ ಸಾಲಿ ಐತಿ!”

“ಸೂಟಿ ಅಲ್ಲೇನವಾ ಇನ್ನೂ? ಯಾರು ಇರ್ತಾರ ಅಲ್ಲಿ?” ಎಂದ ಅಳಿಯ. ಎಂದನೇ ಹೊರತು, ಕಾಲು ಆಗಲೇ ಬ್ರೇಕಿನ ಮೇಲಿತ್ತು.